ಬಡಾವಣೆಯ ಹಸಿರು ಪಟ್ಟಿ: ಪಾಲಿಕೆ ಜೊತೆ ಸೇರಿ ಉಳಿಸಿಕೊಳ್ಳುವುದು ಹೇಗೆ?

ದಾವಣಗೆರೆಯ ಯಾವ ಹೊಸ ಬಡಾವಣೆಗೆ ಹೋದರೂ ಒಂದು ಕಡೆ ಉದ್ದಕ್ಕೆ ಖಾಲಿ ಪಟ್ಟಿ ಕಣ್ಣಿಗೆ ಬೀಳುತ್ತದೆ. ರಿಂಗ್ ರಸ್ತೆ ಪಕ್ಕ, ರಾಜಕಾಲುವೆ ದಂಡೆ, ಇಲ್ಲವೇ ಹೈಟೆನ್ಷನ್ ಲೈನ್ ಕೆಳಗೆ. ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಹಚ್ಚಿರುತ್ತಾರೆ. ನೆಲದ ಮೇಲೆ ಇರುವುದು ಕಾಂಗ್ರೆಸ್ ಗಿಡ, ಮನೆ ಕೆಡವಿದ ಇಟ್ಟಿಗೆ ಚೂರು, ಒಡೆದ ಕಮೋಡು. ಜೂನ್ 5 ಬಂದರೆ ಅಲ್ಲೊಂದು ಬ್ಯಾನರ್, ಒಂದಷ್ಟು ಸಸಿ, ಒಂದಷ್ಟು ಫೋಟೊ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ.

ಸಸಿ ನೆಡಲು ಜನ ಸಿಗುತ್ತಾರೆ. ಸಿಗದೇ ಇರುವುದು ಎರಡೇ: ಜಾಗದ ಕಾಗದ ಮತ್ತು ಏಪ್ರಿಲ್ ತಿಂಗಳ ನೀರು. ಇವೆರಡನ್ನು ಹೊಂದಿಸಿಕೊಂಡ ಬಡಾವಣೆಯಲ್ಲಿ ಮರ ನಿಲ್ಲುತ್ತದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಪಾಲಿಕೆ ಮಾಡಬೇಕಾದ ಕೆಲಸವನ್ನೆಲ್ಲ ಬಡಾವಣೆಯ ನಿವಾಸಿಗಳ ಸಂಘ ತನ್ನ ತಲೆ ಮೇಲೆ ಹೊತ್ತುಕೊಳ್ಳಬಾರದು. ಟ್ರ್ಯಾಕ್ಟರ್, ಟ್ಯಾಂಕರ್, ಆಳು, ಅಧಿಕಾರ ಎಲ್ಲ ಪಾಲಿಕೆ ಬಳಿ ಇದೆ. ದಿನಾ ಬೆಳಿಗ್ಗೆ ಹಾಲು ತರಲು ಹೋಗುವಾಗ ಸಸಿ ಬಾಡಿದ್ದನ್ನು ನೋಡುವ ಕಣ್ಣು ನಿಮ್ಮ ಬಳಿ ಇದೆ. ಎರಡನ್ನೂ ಸೇರಿಸುವ ದಾರಿ ಹೀಗಿದೆ.

1. ಮೊದಲು ಜಾಗ ಯಾರದ್ದು ಅಂತ ಖಚಿತ ಮಾಡಿಕೊಳ್ಳಿ

ನೂರಕ್ಕೆ ತೊಂಬತ್ತು ಸಂಘಗಳು ಈ ಹೆಜ್ಜೆಯನ್ನು ಹಾರಿ ಮುಂದೆ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತವೆ. "ಇದು ನಮಗೆ ಬರಲ್ರೀ, ಅಲ್ಲಿ ಕೇಳ್ರಿ" ಅನ್ನುವ ಮಾತಿಗೆ ಉತ್ತರ ಕೊಡಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ನಮ್ಮೂರಲ್ಲಿ ಇಂಥ ಪಟ್ಟಿಗೆ ಸಾಮಾನ್ಯವಾಗಿ ನಾಲ್ಕು ಥರದ ಮಾಲೀಕರು. ದೂಡಾ, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಮಾಡಿದ ಬಡಾವಣೆಯಾದರೆ ಅದು ಪಾಲಿಕೆಗೆ ಹಸ್ತಾಂತರ ಆಗಿದೆಯೇ ಇಲ್ಲವೇ ನೋಡಬೇಕು. ಆಗಿಲ್ಲದಿದ್ದರೆ ಪಾಲಿಕೆಗೆ ಅರ್ಜಿ ಕೊಟ್ಟು ಪ್ರಯೋಜನ ಇಲ್ಲ. ಖಾಸಗಿ ಲೇಔಟ್ ಆದರೆ ಪಾರ್ಕು, ರಸ್ತೆ ಜಾಗವನ್ನು ಲೇಔಟ್ ಮಾಡಿದವರು ಬರೆದುಕೊಟ್ಟ ಪರಿತ್ಯಾಜನ ಪತ್ರ, ಅಂದರೆ ಹಕ್ಕು ಬಿಟ್ಟುಕೊಟ್ಟ ಪತ್ರ, ಇರಬೇಕು. ಭದ್ರಾ ನಾಲೆಯ ಪಕ್ಕದ ಜಾಗ ನೀರಾವರಿ ನಿಗಮಕ್ಕೆ ಸೇರಿದ್ದು. ಹೆದ್ದಾರಿ ಮತ್ತು ಅದರ ಸರ್ವಿಸ್ ರಸ್ತೆ ಅಂಚಿನ ಜಾಗ ಹೆದ್ದಾರಿ ಪ್ರಾಧಿಕಾರದ್ದು. ಹೈಟೆನ್ಷನ್ ಲೈನ್ ಕೆಳಗಿನ ನೆಲ ಯಾರದ್ದೇ ಆಗಿರಲಿ, ಅಲ್ಲಿ ಎಷ್ಟೆತ್ತರದ ಗಿಡ ಬೆಳೆಸಬಹುದು ಅನ್ನುವುದರಲ್ಲಿ ವಿದ್ಯುತ್ ಇಲಾಖೆಯ ಮಾತು ನಡೆಯುತ್ತದೆ.

ಹಾಗಾಗಿ ಮೊದಲು ಬೇಕಾದ್ದು ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ. ಸೈಟ್ ಮಾರುವಾಗ ಕೊಟ್ಟ ಬಣ್ಣದ ಬ್ರೋಶರ್ ಇದಕ್ಕೆ ಆಗುವುದಿಲ್ಲ. ದೂಡಾ ಕಚೇರಿಯಲ್ಲಿ ಶುಲ್ಕ ಕಟ್ಟಿ ಕೇಳಿ. ಕೊಡಲು ಎಳೆದಾಡಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ನಕ್ಷೆ, ಹಸ್ತಾಂತರ, ಒತ್ತುವರಿ, ಚರಂಡಿ, ಬೀದಿ ದೀಪ ಎಲ್ಲ ಒಂದರಲ್ಲೇ ಬರೆದರೆ ವಾಪಸ್ ಕಳಿಸಲು ನೀವೇ ಕಾರಣ ಕೊಟ್ಟ ಹಾಗೆ. ಎರಡು ಅರ್ಜಿ ಹಾಕಿ: ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ಹಸ್ತಾಂತರ ಆದೇಶ.

ನಕ್ಷೆ ಬಂದ ಮೇಲೆ ಟೇಪ್ ಹಿಡಿದು ಅಳೆಯಿರಿ. ನಕ್ಷೆಯಲ್ಲಿ 12 ಮೀಟರ್ ಅಗಲ ಇದ್ದು, ನೆಲದಲ್ಲಿ 9 ಮೀಟರ್ ಸಿಕ್ಕರೆ ಆ 3 ಮೀಟರ್ ಯಾರದ್ದೋ ಕಾಂಪೌಂಡ್ ಒಳಗಿದೆ ಅಂತ ಅರ್ಥ. ಆಗ ಜಗಳಕ್ಕೆ ಹೋಗಬೇಡಿ. ಭೂಮಾಪನ ಇಲಾಖೆಯಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಕಲ್ಲು ನೆಡಿಸಿ ಅಂತ ಜಾಗದ ಮಾಲೀಕ ಸಂಸ್ಥೆಗೆ ಬರೆಯಿರಿ. ಅಳತೆ ಆಗುವ ಮೊದಲೇ ಬೇಲಿ ಹಾಕುವುದು, ಸಸಿ ನೆಡುವುದು ಎರಡೂ ವ್ಯರ್ಥ.

ಕಾನೂನು ನಿಮ್ಮ ಪರ ಇದೆ ಅನ್ನುವುದು ಗೊತ್ತಿರಲಿ. ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ ಪ್ರಕಾರ ಪ್ರಾಧಿಕಾರ ಮಾಡುವ ಬಡಾವಣೆಯಲ್ಲಿ ಕನಿಷ್ಠ ಶೇ 15ರಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ ಮೀಸಲು. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗೆ ಅಂತಲೇ ರಾಜ್ಯದಲ್ಲಿ 1985ರ ಕಾಯ್ದೆ ಬೇರೆ ಇದೆ. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಿಡಬೇಕು ಅನ್ನುತ್ತದೆ ಆ ಕಾಯ್ದೆ. ನಿಮ್ಮ ಹಸಿರು ಪಟ್ಟಿಯ ಜಾಗ ಆ ಯಾದಿಯಲ್ಲಿದೆಯಾ ಅಂತ ಕೇಳಿ. ಇಲ್ಲದಿದ್ದರೆ ಸೇರಿಸಿ ಅಂತ ಬರೆದುಕೊಡಿ.

2. ಸಂಘದ ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ವಾಟ್ಸ್ಆ್ಯಪ್ ಗ್ರೂಪ್ ಸಂಘ ಆಗುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ ಏಳು ಜನ ಸೇರಿ ನೋಂದಣಿ ಮಾಡಿಸಿ. ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಆಗುವ ಕೆಲಸ. ಬೈಲಾದಲ್ಲಿ "ಬಡಾವಣೆಯ ಉದ್ಯಾನ, ಮರಗಿಡಗಳ ನಿರ್ವಹಣೆಯಲ್ಲಿ ಸ್ಥಳೀಯ ಸಂಸ್ಥೆಗೆ ಸಹಕಾರ" ಅನ್ನುವ ಉದ್ದೇಶ ಸೇರಿಸಲು ಮರೆಯಬೇಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಪ್ರತಿ ವರ್ಷ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕ ಸಲ್ಲಿಸಿ. ಇದನ್ನು ಬಿಟ್ಟ ಸಂಘ ಹೆಸರಿಗೆ ಮಾತ್ರ ಇರುತ್ತದೆ, ಪಾಲಿಕೆ ಅದರ ಜೊತೆ ಕರಾರು ಮಾಡಿಕೊಳ್ಳಲು ಹಿಂಜರಿಯುತ್ತದೆ.

ನೋಂದಣಿಯಿಂದ ಇನ್ನೊಂದು ಲಾಭ ಇದೆ. ವಾರ್ಡ್ ಸಮಿತಿ ರಚನೆ ಆದಾಗ ಅದರ ನಾಮನಿರ್ದೇಶಿತ ಸದಸ್ಯರಲ್ಲಿ ನಿವಾಸಿಗಳ ಸಂಘದವರಿಗೂ ಜಾಗ ಇದೆ. ದಾವಣಗೆರೆ ಪಾಲಿಕೆಯಲ್ಲಿ 45 ವಾರ್ಡ್. ನಿಮ್ಮ ವಾರ್ಡ್ ನಂಬರ್ ಎಲ್ಲ ಪತ್ರದಲ್ಲೂ ಬರೆಯಿರಿ. ಎಷ್ಟೋ ಅರ್ಜಿಗಳು ಬೇರೆ ವಾರ್ಡಿನ ಫೈಲಿಗೆ ಹೋಗಿ ಕೂರುವುದು ಇದೊಂದೇ ಕಾರಣಕ್ಕೆ.

3. ಅರ್ಜಿ ಬರೆಯುವ ರೀತಿ

"ನಮ್ಮ ಬಡಾವಣೆಯ ಹಸಿರು ವಲಯವನ್ನು ಅಭಿವೃದ್ಧಿಪಡಿಸಿಕೊಡಬೇಕಾಗಿ ವಿನಂತಿ" ಅಂತ ಬರೆದರೆ ಪಾಲಿಕೆಯ ಯಾವ ವಿಭಾಗವೂ ಅದನ್ನು ತನ್ನದು ಅಂದುಕೊಳ್ಳುವುದಿಲ್ಲ. ಡೆಬ್ರಿ (ಕಟ್ಟಡ ತ್ಯಾಜ್ಯ) ಎತ್ತುವುದು ಆರೋಗ್ಯ ವಿಭಾಗ, ಗಿಡ-ಪಾರ್ಕು ಪರಿಸರ ಇಂಜಿನಿಯರ್ ಕಡೆ, ಬೇಲಿ–ಕಾಂಪೌಂಡ್ ಸಿವಿಲ್ ಇಂಜಿನಿಯರ್, ನೀರು ನೀರು ಸರಬರಾಜು ವಿಭಾಗ, ದೀಪ ವಿದ್ಯುತ್ ವಿಭಾಗ. ಒಂದೊಂದಕ್ಕೆ ಒಂದೊಂದು ಪತ್ರ ಬರೆಯಿರಿ, ಎಲ್ಲದಕ್ಕೂ ಮೇಲೆ ಆಯುಕ್ತರ ವಿಳಾಸ ಇರಲಿ. ಒಂದು ಮಾದರಿ:

"ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ, ದಾವಣಗೆರೆ ಇವರಿಗೆ. ವಿಷಯ: ವಾರ್ಡ್ ನಂ. __, __ ಬಡಾವಣೆ, 3ನೇ ಮುಖ್ಯರಸ್ತೆಯ ಪಶ್ಚಿಮಕ್ಕಿರುವ ಹಸಿರು ಪಟ್ಟಿಯಲ್ಲಿ ಸುರಿದ ಕಟ್ಟಡ ತ್ಯಾಜ್ಯ ತೆರವುಗೊಳಿಸುವ ಬಗ್ಗೆ. ಸದರಿ ಜಾಗವು ಅನುಮೋದಿತ ನಕ್ಷೆಯಂತೆ ಉದ್ಯಾನಕ್ಕೆ ಮೀಸಲಾಗಿದೆ (ಪ್ರತಿ ಲಗತ್ತಿಸಿದೆ). ಅಂದಾಜು ನಾಲ್ಕು ಟ್ರ್ಯಾಕ್ಟರ್ ಲೋಡ್ ತ್ಯಾಜ್ಯವಿದೆ (ಫೋಟೊ ಲಗತ್ತಿಸಿದೆ). ತೆರವಾದ ನಂತರ ಮತ್ತೆ ಸುರಿಯದಂತೆ ಸಂಘದ ಸದಸ್ಯರು ನಿಗಾ ವಹಿಸುತ್ತೇವೆ. ಮುಂಗಾರಿಗೆ ಮುನ್ನ ತೆರವು ಮಾಡಿಸಿಕೊಡಬೇಕಾಗಿ ಕೋರುತ್ತೇವೆ."

ಎಷ್ಟು ಲೋಡ್ ಅಂತ ಬರೆದಿದ್ದು ಗಮನಿಸಿ. ಗಾಡಿ ಕಳಿಸುವವರಿಗೆ ಬೇಕಾದ್ದು ಆ ಒಂದು ಅಂಕಿ. ಜೊತೆಗೆ ನೀವು ಏನು ಮಾಡುತ್ತೀರಿ ಅನ್ನುವ ಒಂದು ಸಾಲೂ ಇದೆ. ಬರೀ ಕೇಳುವ ಪತ್ರಕ್ಕಿಂತ ಇಂಥ ಪತ್ರಕ್ಕೆ ಬೇಗ ಸಹಿ ಬೀಳುತ್ತದೆ.

ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆಯುಕ್ತರ ಕೈಗೇ ಕೊಟ್ಟೆವು ಅನ್ನುವ ಸಮಾಧಾನಕ್ಕಿಂತ ಈ ನಂಬರ್ ದೊಡ್ಡದು. ಹದಿನೈದು ದಿನ ಬಿಟ್ಟು ಹೋಗಿ ನಂಬರ್ ಹೇಳಿದರೆ ಫೈಲ್ ಯಾವ ಕೇಸ್ ವರ್ಕರ್ ಟೇಬಲ್ ಮೇಲಿದೆ ಅಂತ ತಿಳಿಯುತ್ತದೆ. ಅವರ ಜೊತೆ ವಿನಯದಿಂದ ಮಾತಾಡಿ. ಫೈಲ್ ಮುಂದೆ ಹೋಗುವುದು ಅವರ ಕೈಯಿಂದಲೇ. ಎಲ್ಲೂ ಉತ್ತರ ಬರದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ. ಅಲ್ಲೂ ಒಂದು ದೂರು ಸಂಖ್ಯೆ ಸಿಗುತ್ತದೆ.

ಕಾರ್ಪೊರೇಟರ್ ಇರುವ ಅವಧಿಯಲ್ಲಾದರೆ ಪ್ರತಿಯೊಂದು ಪತ್ರದ ನಕಲು ಅವರಿಗೂ ಕೊಡಿ. ಅವರನ್ನು ಬಿಟ್ಟು ಮಾಡಿದರೆ ಕೆಲಸ ನಿಲ್ಲುತ್ತದೆ, ಅವರೊಬ್ಬರಿಂದಲೇ ಮಾಡಿಸಿಕೊಂಡರೆ ಮುಂದಿನ ಚುನಾವಣೆಯಾದ ಮೇಲೆ ನಿಲ್ಲುತ್ತದೆ. ಚುನಾಯಿತ ಸದಸ್ಯರಿಲ್ಲದ ಆಡಳಿತಾಧಿಕಾರಿ ಅವಧಿಯಲ್ಲಾದರೆ ನೇರ ಕಚೇರಿ ಜೊತೆಗೇ ವ್ಯವಹಾರ.

4. ಜಂಟಿ ಸ್ಥಳ ಪರಿಶೀಲನೆ

ಪತ್ರ ಎಷ್ಟೇ ಚೆನ್ನಾಗಿದ್ದರೂ ಅಧಿಕಾರಿ ಒಮ್ಮೆ ಜಾಗಕ್ಕೆ ಬಂದು ನಿಲ್ಲಬೇಕು. ಪರಿಸರ ಇಂಜಿನಿಯರ್, ವಾರ್ಡಿನ ಆರೋಗ್ಯ ನಿರೀಕ್ಷಕರು, ಜೂನಿಯರ್ ಇಂಜಿನಿಯರ್ ಮೂವರನ್ನೂ ಒಂದೇ ದಿನ ಕರೆಯಿರಿ. ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಒಳ್ಳೆಯದು. ಆ ಹೊತ್ತಿಗೆ ಅವರು ಹೇಗೂ ಫೀಲ್ಡಲ್ಲಿ ಇರುತ್ತಾರೆ.

ನಿಮ್ಮ ಕಡೆಯಿಂದ ನಾಲ್ಕೈದು ಜನ ಸಾಕು. ಐವತ್ತು ಜನ ಸೇರಿದರೆ ಅದು ಧರಣಿ ಥರ ಕಾಣುತ್ತದೆ, ಬಂದವರು ಬಾಯಿ ಬಿಡುವುದಿಲ್ಲ. ಮಾತು ಸಾಮಾನ್ಯವಾಗಿ ಹೀಗೆ ಹೋಗುತ್ತದೆ:

"ಇಲ್ಲಿ ಬೋರ್ ಹಾಕಿಸಿಕೊಡ್ರಿ ಸರ್."

"ಬೋರಿಗೆ ಈ ವರ್ಷ ದುಡ್ಡಿಲ್ರೀ ಯಜಮಾನ್ರೆ. ಟ್ಯಾಂಕರ್ ಬೇಕಾದ್ರೆ ವಾರಕ್ಕೊಂದು ಕಳಿಸ್ತೀನಿ."

"ಯಾವ ದಿನ ಅಂತ ಬರ್ಕೊಡ್ರಿ ಹಂಗಾದ್ರೆ. ನೀರು ಹಾಕೋಕೆ ಜನ ನಾವು ನಿಲ್ಲಿಸ್ತೀವಿ."

ಈ ಮೂರನೇ ಮಾತನ್ನು ಕಲಿತುಕೊಳ್ಳಿ. ಬೋರ್‌ವೆಲ್ ಬಗ್ಗೆ ವಾದ ಮಾಡುತ್ತ ನಿಂತರೆ ಟ್ಯಾಂಕರ್ ಕೂಡ ಹೋಗುತ್ತದೆ. ಪರಿಶೀಲನೆ ಮುಗಿದ ದಿನವೇ ಯಾರು ಏನು ಒಪ್ಪಿದರು ಅಂತ ಒಂದು ಪುಟದಲ್ಲಿ ಬರೆದು, "ತಾವು ದಿನಾಂಕ __ರಂದು ಸ್ಥಳಕ್ಕೆ ಬಂದು ತಿಳಿಸಿದಂತೆ" ಅಂತ ಶುರು ಮಾಡಿ ಕಚೇರಿಗೆ ತಲುಪಿಸಿ. ಬಾಯಿ ಮಾತು ಕಾಗದ ಆಗುವುದು ಹೀಗೆ.

5. ಒಡಂಬಡಿಕೆ: ಏನು ಬರೆಯಬೇಕು, ಏನು ಬರೆಯಬಾರದು

ನಿರ್ವಹಣೆಗೆ ಕೈ ಹಾಕುವ ಮೊದಲು ಲಿಖಿತ ಒಪ್ಪಂದ ಇರಲಿ. ದತ್ತು ತೆಗೆದುಕೊಂಡೆವು ಅಂತ ಬೋರ್ಡ್ ಹಾಕಿಬಿಟ್ಟರೆ ಸಾಲದು. ಜಾಗ ಪಾಲಿಕೆಯದ್ದೇ, ಸಂಘಕ್ಕೆ ಯಾವ ಮಾಲೀಕತ್ವವೂ ಇಲ್ಲ ಅನ್ನುವುದು ಮೊದಲ ಸಾಲಲ್ಲೇ ಬರಲಿ. ಇದರಿಂದ ಪಾಲಿಕೆಗೂ ಧೈರ್ಯ, ಸಂಘದೊಳಗಿನ ಆಸೆಬುರುಕರಿಗೂ ಲಗಾಮು. ಸಾರ್ವಜನಿಕರಿಗೆ ಮುಕ್ತ ಪ್ರವೇಶ, ಯಾವುದೇ ಕಟ್ಟಡ ಕಟ್ಟಬಾರದು, ಬಾಡಿಗೆಗೆ ಕೊಡಬಾರದು, ಅವಧಿ ಎಷ್ಟು, ಯಾರು ಬೇಕಾದರೂ ಎಷ್ಟು ದಿನದ ನೋಟಿಸ್ ಕೊಟ್ಟು ಹೊರಬರಬಹುದು, ಇವೆಲ್ಲ ಇರಲಿ.

ಕೆಲಸ ಹಂಚಿಕೆ ಮಾತ್ರ ಬಿಡಿಸಿ ಬಿಡಿಸಿ ಬರೆಯಬೇಕು. ದೊಡ್ಡ ಕೊಂಬೆ ಕಡಿಯುವುದು, ಒಣಗಿದ ಮರ ತೆಗೆಸುವುದು, ಡೆಬ್ರಿ ಸಾಗಣೆ, ಬೇಲಿ, ನೀರಿನ ಮೂಲ, ಮೋಟರ್‌ನ ಕರೆಂಟ್ ಬಿಲ್, ದೀಪ, ಒತ್ತುವರಿ ತೆರವು ಪಾಲಿಕೆಗೆ. ಎಳೆ ಸಸಿಗೆ ನೀರುಣಿಸುವುದು, ಕಳೆ, ಎಲೆಗೊಬ್ಬರ, ಗೇಟಿನ ಬೀಗ, ನಿಗಾ, ದೂರು ಕೊಡುವುದು ಸಂಘಕ್ಕೆ. ಕರೆಂಟ್ ಮೀಟರ್ ಸಂಘದ ಹೆಸರಿಗೆ ಮಾಡಿಸಿಕೊಳ್ಳಬೇಡಿ. "ಸದ್ಯಕ್ಕೆ ನಿಮ್ಮ ಹೆಸರಲ್ಲಿ ಇರ್ಲಿ, ಆಮೇಲೆ ಬದಲಾಯಿಸೋಣ" ಅನ್ನುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಮರ ಬಿದ್ದು ಗಾಡಿ ಜಖಂ ಆದರೆ ಹೊಣೆ ಯಾರದ್ದು ಅನ್ನುವುದನ್ನೂ ಬರೆಸಿ. ಅಪಾಯದ ಮರದ ಬಗ್ಗೆ ಲಿಖಿತವಾಗಿ ತಿಳಿಸುವುದು ಸಂಘದ ಕೆಲಸ, ಕ್ರಮ ತೆಗೆದುಕೊಳ್ಳುವುದು ಪಾಲಿಕೆಯ ಕೆಲಸ ಅಂತ ಇದ್ದರೆ ಸಾಕು.

6. ಯಾವ ಗಿಡ, ಎಲ್ಲಿ

ನಮ್ಮಲ್ಲಿ ವರ್ಷಕ್ಕೆ 650 ಮಿ.ಮೀ. ಆಸುಪಾಸು ಮಳೆ. ಅದರಲ್ಲೂ ಜಾಸ್ತಿ ಬೀಳುವುದು ಮುಂಗಾರಿನ ಕೊನೆಗೆ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ. ಮಾರ್ಚ್‌ನಿಂದ ಮೇ ತನಕ ಬಿಸಿಲು ಸುಡುತ್ತದೆ. ಮಲೆನಾಡಿನ ಗಿಡ ತಂದು ಇಲ್ಲಿ ಅಳುವುದು ಬೇಡ. ಹೊಂಗೆ, ಬೇವು, ಹುಣಸೆ, ನೇರಳೆ, ಬಿಲ್ವ ಈ ನೆಲಕ್ಕೆ ಒಗ್ಗಿದವು. ಹೊಂಗೆಯ ಒಂದು ಗುಣ ಹೇಳಲೇಬೇಕು. ಬೇಸಿಗೆ ಶುರುವಲ್ಲೇ ಚಿಗುರುತ್ತದೆ, ಏಪ್ರಿಲ್ ಮಧ್ಯಾಹ್ನ ನೆರಳು ಬೇಕಾದ ಹೊತ್ತಿಗೆ ದಟ್ಟ ಎಲೆ ಇರುತ್ತದೆ.

ಆಲ, ಅರಳಿ, ಅತ್ತಿ ಒಳ್ಳೆಯ ಮರಗಳೇ. ಆದರೆ ಪಟ್ಟಿ ಅಗಲ ಇಲ್ಲದಿದ್ದರೆ ಬೇರು ಚರಂಡಿ, ಕಾಂಪೌಂಡ್ ಎರಡನ್ನೂ ಎತ್ತಿಹಾಕುತ್ತದೆ. ಗುಲ್‌ಮೊಹರ್, ರೈನ್ ಟ್ರೀ ಬೇಗ ಬೆಳೆಯುತ್ತವೆ, ಮುಂಗಾರು ಪೂರ್ವದ ಗಾಳಿಗೆ ಬೇಗ ಮುರಿಯುತ್ತವೆ ಕೂಡ. ರಸ್ತೆ ಅಂಚಿಗೆ ಬೇಡ. ಸುಬಾಬುಲ್ ಒಂದು ನೆಟ್ಟರೆ ನಾಲ್ಕು ವರ್ಷಕ್ಕೆ ಪಟ್ಟಿ ತುಂಬ ಅದೇ. ವಿದ್ಯುತ್ ತಂತಿ ಕೆಳಗೆ ದಾಸವಾಳ, ಪಾರಿಜಾತ, ಸೀತಾಫಲ, ಕರಿಬೇವಿನಂಥ ಗಿಡ್ಡ ಗಿಡ ಹಾಕಿ. ಕರಿಬೇವನ್ನು ಜನ ಕಿತ್ತು ಕಿತ್ತು ಬೋಳು ಮಾಡುತ್ತಾರೆ ಅನ್ನುವ ದೂರು ಬರುತ್ತದೆ. ಕೀಳಲಿ ಬಿಡಿ. ಒಗ್ಗರಣೆಗೆ ಬೇಕಾದ ಗಿಡಕ್ಕೆ ಹಂದಿ ನುಗ್ಗಿದರೆ ಮೊದಲು ಓಡಿಸುವವರು ಅವರೇ.

ಎರೆ ಮಣ್ಣಿನ ಕಡೆ ಒಂದು ಎಚ್ಚರ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬುಡ ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರ ಇರಲಿ. ಐದಡಿ ಎತ್ತರದ ಗಟ್ಟಿ ಸಸಿಯೇ ಬೇಕು. ಒಂದಡಿ ಸಸಿ ಸಾವಿರ ನೆಡುವುದಕ್ಕಿಂತ ಐದಡಿ ಸಸಿ ನೂರು ನೆಡುವುದು ಮೇಲು. ಅರಣ್ಯ ಇಲಾಖೆಯ ನರ್ಸರಿಗೆ ಬೇಸಿಗೆಯಲ್ಲೇ ಬೇಡಿಕೆ ಕೊಡಿ. ಜೂನ್‌ನಲ್ಲಿ ಹೋದರೆ ಒಳ್ಳೆಯ ಸಸಿ ಖಾಲಿ ಆಗಿರುತ್ತದೆ.

7. ನೀರಿನ ಲೆಕ್ಕ

ಇಲ್ಲಿ ಭಾವನೆ ಬೇಡ, ಗುಣಾಕಾರ ಬೇಕು. ಎಳೆ ಸಸಿಗೆ ಬೇಸಿಗೆಯಲ್ಲಿ ವಾರಕ್ಕೆ 20 ಲೀಟರ್ ಅಂತ ಹಿಡಿಯಿರಿ. ನೂರು ಸಸಿಗೆ 2,000 ಲೀಟರ್. ಡಿಸೆಂಬರ್‌ನಿಂದ ಮೇ ಕೊನೆ ತನಕ 26 ವಾರ ಅಂದರೆ 52,000 ಲೀಟರ್. 4,500 ಲೀಟರ್ ಟ್ಯಾಂಕರ್ ಆದರೆ ಹನ್ನೆರಡು ಸಲ ಬರಬೇಕು. ಒಂದು ಟ್ಯಾಂಕರ್ ಎರಡು ವಾರಕ್ಕೆ ಆಗುತ್ತದೆ, ಆದರೆ ಹಿಡಿದಿಡಲು ಜಾಗ ಬೇಕು. ಹಾಗಾಗಿ ಪಟ್ಟಿಯ ಎರಡು ತುದಿಗೆ ಒಂದೊಂದು ಸಿಂಟೆಕ್ಸ್ ಟ್ಯಾಂಕ್ ಇಟ್ಟುಕೊಂಡರೆ ಟ್ಯಾಂಕರ್ ಬಂದಾಗ ತುಂಬಿಸಿ, ಬೇಕಾದಾಗ ಹಾಕಬಹುದು.

ಈ ಲೆಕ್ಕ ಕೈಯಲ್ಲಿ ಹಿಡಿದು ಹೋದರೆ ಪಾಲಿಕೆಯವರ ಜೊತೆ ಮಾತು ಸಲೀಸು. "ನೀರು ಬೇಕು" ಅಂದರೆ ನಾಳೆ ನೋಡೋಣ ಅನ್ನುತ್ತಾರೆ. "ಆರು ತಿಂಗಳಿಗೆ ಹನ್ನೆರಡು ಟ್ಯಾಂಕರ್, ಹದಿನೈದು ದಿನಕ್ಕೊಂದು, ಗುರುವಾರ ಆದರೂ ಸರಿ" ಅಂದರೆ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ನಿಮ್ಮಿಂದ ಅಷ್ಟು ನೀರು ಹೊಂದಿಸಲು ಆಗುವುದಿಲ್ಲ ಅನ್ನಿಸಿದರೆ ಸಸಿ ಸಂಖ್ಯೆಯನ್ನೇ ಐವತ್ತಕ್ಕೆ ಇಳಿಸಿ. ಮೂರು ಬೇಸಿಗೆ ದಾಟಿದ ಹೊಂಗೆ, ಬೇವು ಆಮೇಲೆ ನಿಮ್ಮನ್ನು ಕೇಳುವುದಿಲ್ಲ.

ಕುಡಿಯುವ ನೀರಿನ ನಲ್ಲಿಗೆ ಪೈಪ್ ಸಿಕ್ಕಿಸಬೇಡಿ. ಬೇಸಿಗೆಯಲ್ಲಿ ಮನೆಗೇ ನೀರಿಗೆ ಕಾಯುವಾಗ ಗಿಡಕ್ಕೆ ಬಿಟ್ಟರೆ ಅಕ್ಕಪಕ್ಕದವರೇ ಎದುರಾಗುತ್ತಾರೆ, ಅದು ನ್ಯಾಯವೂ ಹೌದು. ಬೋರ್ ನೀರು, ಶುದ್ಧೀಕರಿಸಿದ ನೀರು ಸಿಗುವುದಾದರೆ ಅದನ್ನೇ ಕೇಳಿ. ಬುಡಕ್ಕೆ ನಾಲ್ಕಿಂಚು ದಪ್ಪ ಒಣ ಎಲೆ ಹೊದಿಸಿದರೆ ನೀರು ಬೇಗ ಆರುವುದಿಲ್ಲ. ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಟ್ಟು ಹೊದಿಸಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ.

ನೀರು ಹಾಕುವವರ ಪಾಳಿಯನ್ನು ಮನೆವಾರು ಹಂಚಬೇಡಿ, ಮರವಾರು ಹಂಚಿ. "ಈ ವಾರ ನಿಮ್ಮ ಪಾಳಿ" ಅಂದರೆ ಊರಿಗೆ ಹೋಗಿದ್ದೆ ಅನ್ನುತ್ತಾರೆ. "ನಿಮ್ಮ ಮನೆ ಎದುರಿನ ಈ ಎರಡು ಬೇವು ನಿಮ್ಮದು ಅಕ್ಕ" ಅಂದರೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಾರೆ.

8. ಕೊಂಬೆ, ಕಳೆ, ಎಲೆ

ಸಾರ್ವಜನಿಕ ಜಾಗದ ಮರ ಕಡಿಯಲು ಸಂಘಕ್ಕೆ ಅಧಿಕಾರ ಇಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಅಧ್ಯಕ್ಷರೇ ಹೇಳಿದರು ಅಂತ ಕೊಡಲಿ ಹಾಕಿಸಿದರೆ ಕೇಸು ಅಧ್ಯಕ್ಷರ ಮೇಲೇ.

ಮಳೆಗಾಲಕ್ಕೆ ಮುಂಚೆ ಬೆಸ್ಕಾಂನವರು ತಂತಿಗೆ ತಾಗುವ ಕೊಂಬೆ ಸವರಲು ಬರುತ್ತಾರೆ. ಅವರಿಗೆ ತಂತಿಯ ಚಿಂತೆ, ಮರದ ಚಿಂತೆ ನಿಮಗೆ. ಬರುವ ದಿನ ಕೇಳಿಕೊಂಡು ಒಬ್ಬರು ಅಲ್ಲಿರಿ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕಡಿದರೆ ಅರ್ಧ ಕಡಿಯುವಷ್ಟರಲ್ಲಿ ತೂಕಕ್ಕೆ ಜೋತುಬಿದ್ದು ಕಾಂಡದ ತೊಗಟೆಯನ್ನೂ ಸೀಳಿಕೊಂಡು ಬರುತ್ತದೆ. ಆ ಸೀಳಿನಲ್ಲಿ ನೀರು ಇಳಿದು ನಾಲ್ಕೈದು ವರ್ಷಕ್ಕೆ ಮರ ಟೊಳ್ಳು. ಸರಿಯಾದ ಕ್ರಮ ಹೀಗೆ: ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಮೂರರಲ್ಲಿ ಒಂದು ಭಾಗ ಗರಗಸ ಹಾಕಬೇಕು. ಅದರಿಂದ ಇನ್ನೊಂದೆರಡು ಇಂಚು ಆಚೆಗೆ ಮೇಲಿನಿಂದ ಕೊಯ್ದರೆ ಕೊಂಬೆ ಶುದ್ಧವಾಗಿ ಕಳಚಿ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ, ಕೊಂಬೆ ಕಾಂಡಕ್ಕೆ ಸೇರುವ ಕಡೆ ಉಬ್ಬಿದ ಉಂಗುರ ಕಾಣುತ್ತದಲ್ಲ, ಅದರ ಹೊರಗಡೆಗೆ ಸರಿಯಾಗಿ ಕೊಯ್ಯಬೇಕು. ಉಂಗುರ ಉಳಿದರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು. ಒಂದು ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಉದುರಿಸುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದ ಎರಡು ಮೂರನೇ ದಿನ ಸಲೀಸಾಗಿ ಬರುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ತುರಿಕೆ, ದಮ್ಮು ಇರುವವರು ಆ ಕೆಲಸಕ್ಕೆ ಬೇಡ. ಮಳೆಗಾಲದಲ್ಲಿ ಎಲೆ ಮೇಲೆ ಬಿಳಿ ಮೈಗೆ ಕಂದು ಗೆರೆ ಇರುವ ಸಣ್ಣ ಜೀರುಂಡೆ ಕಂಡರೆ ಬಿಟ್ಟುಬಿಡಿ. ಈ ಗಿಡ ತಿನ್ನಲೆಂದೇ 1980ರ ದಶಕದಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದ ಹುಳ ಅದು. ಕಳೆನಾಶಕ ಹೊಡೆಸಿಬಿಡೋಣ ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪರವಾನಗಿ ಇರುವ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತ ಮಾಡಿದೆ. ಮಕ್ಕಳು ಆಡುವ ಜಾಗಕ್ಕೆ ಅದು ಬೇಡವೇ ಬೇಡ.

ಒಣ ಎಲೆಗೆ ಬೆಂಕಿ ಹಚ್ಚುವುದು ಕಾನೂನಿಗೆ ವಿರುದ್ಧ. ತಂತಿ ಜಾಲರಿಯನ್ನು ನಾಲ್ಕಡಿ ಅಗಲಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ, ಎಲೆ ತುಂಬಿ, ಮಧ್ಯೆ ಮಧ್ಯೆ ಸಗಣಿ ನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ನಾಲ್ಕೈದು ತಿಂಗಳಿಗೆ ಗೊಬ್ಬರ. ಕಸ ಗುಡಿಸುವ ಪೌರಕಾರ್ಮಿಕರಿಗೆ ಇದನ್ನು ಮೊದಲೇ ಹೇಳಿ ತೋರಿಸಿ. ಎಲೆಯನ್ನು ಗಾಡಿಗೆ ಹೊತ್ತು ಹಾಕುವ ಶ್ರಮ ಅವರಿಗೂ ಉಳಿಯುತ್ತದೆ. ಹಾಗಂತ ಅವರನ್ನು ಸಂಘದ ಆಳು ಥರ ಕರೆದು ಕೆಲಸ ಹೇಳಬೇಡಿ. ಅವರಿಗೆ ಅವರ ಮೇಸ್ತ್ರಿ ಇದ್ದಾರೆ, ಬೀದಿ ಲೆಕ್ಕ ಇದೆ.

ಇನ್ನು ಪೇವರ್ ಹುಚ್ಚು. ಅನುದಾನ ಬಂತು ಅಂದರೆ ಮೊದಲು ಬರುವುದು ಸಿಮೆಂಟ್ ಇಟ್ಟಿಗೆ. ಮರದ ಬುಡದ ತನಕ ಮುಚ್ಚಿ ಹೋಗುತ್ತಾರೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಸಲು ಹೇಳಿತ್ತು. ಆ ಒಂದು ಮೀಟರ್ ಅಳತೆಯನ್ನು ನಿಮ್ಮ ಕಾಮಗಾರಿ ಅಂದಾಜುಪಟ್ಟಿ ಮಾಡುವಾಗಲೇ ಜೂನಿಯರ್ ಇಂಜಿನಿಯರ್ ಹತ್ತಿರ ಬರೆಸಿ. ಹಾಕಿದ ಮೇಲೆ ಕೀಳಿಸುವುದು ಆಗದ ಮಾತು.

9. ಒತ್ತುವರಿ ಬರುವ ದಾರಿಗಳು

ಬೇಲಿ ಸರಿಸಿ ಬರುವ ಒತ್ತುವರಿ ಎಲ್ಲರಿಗೂ ಕಾಣುತ್ತದೆ. ಕಷ್ಟ ಇರುವುದು ಒಳ್ಳೆಯ ಉದ್ದೇಶದಿಂದ ಬರುವುದರಲ್ಲಿ. ಮೊದಲು ಗಣೇಶನ ಪೆಂಡಾಲಿಗೆ ಒಂದು ಕಟ್ಟೆ, ಆಮೇಲೆ ಕಟ್ಟೆಗೆ ಶೀಟು, ಆಮೇಲೆ ಸುತ್ತ ಗೋಡೆ. ಇಲ್ಲವೇ ಹಿರಿಯ ನಾಗರಿಕರಿಗೆ ಒಂದು ಕೋಣೆ, ಸಂಘಕ್ಕೆ ಒಂದು ಆಫೀಸು. ಸಾರ್ವಜನಿಕ ಬೀದಿ, ಉದ್ಯಾನಗಳಲ್ಲಿ ಅನಧಿಕೃತವಾಗಿ ಹೊಸ ಧಾರ್ಮಿಕ ಕಟ್ಟಡ ಬರಬಾರದು ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಇದು ಯಾವ ಧರ್ಮಕ್ಕಾದರೂ ಒಂದೇ. ಸಂಘದ ಸಭೆಯಲ್ಲಿ ಈ ಮಾತು ಎತ್ತುವುದು ಮುಜುಗರ, ಗೊತ್ತು. ಅದಕ್ಕೇ ಒಡಂಬಡಿಕೆಯಲ್ಲಿ "ಯಾವುದೇ ಕಟ್ಟಡ ಕಟ್ಟಬಾರದು" ಅಂತ ಬರೆಸಲು ಹೇಳಿದ್ದು. ಆಗ ನೀವು ಬೇಡ ಅನ್ನಬೇಕಿಲ್ಲ, ಕಾಗದ ಅನ್ನುತ್ತದೆ.

ಮೇಲಿನವರೇ ಜಾಗ ಬೇರೆಯವರಿಗೆ ಕೊಟ್ಟರೆ? ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಹಂಚಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಲ್ಲದು ಅಂತ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತ ವಕೀಲರಿಗೆ ಹೇಳಿದರೆ ಸಾಕು, ತಿಳಿಯುತ್ತದೆ. ಬಡಾವಣೆಯ ನಿವಾಸಿಗೆ ಇದನ್ನು ಕೇಳುವ ಹಕ್ಕಿದೆ ಅಂತ ಆ ತೀರ್ಪು ಒಪ್ಪಿಕೊಂಡಿದೆ.

10. ದುಡ್ಡು ಮತ್ತು ದಾಖಲೆ

ಪಾಲಿಕೆ ಬಜೆಟ್ ಫೆಬ್ರವರಿ–ಮಾರ್ಚ್ ಹೊತ್ತಿಗೆ ಆಗುತ್ತದೆ. ಅದಕ್ಕೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆದಾಗ ಹೋಗಿ, ಬೇಲಿ, ಬೋರ್, ದೀಪದ ಬೇಡಿಕೆ ಅಂದಾಜಿನೊಂದಿಗೆ ಕೊಡಿ. ಮೇ ತಿಂಗಳಲ್ಲಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುವುದೇ ಉತ್ತರ. ಕೇಳಲು ಹೋಗುವ ಮೊದಲು ಬಡಾವಣೆಯ ಮನೆ ಕಂದಾಯ ಕಟ್ಟಿಸಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಬಾಕಿ ಇರುವ ಬೀದಿಯವರು ಬಂದು ಜೋರು ಮಾಡಿದರೆ ಕಂದಾಯ ವಿಭಾಗದವರು ಲೆಡ್ಜರ್ ತೆಗೆಯುತ್ತಾರೆ ಅಷ್ಟೆ.

ಸಂಘದ ಖರ್ಚಿಗೆ ಮನೆಗೊಂದಿಷ್ಟು ಅಂತ ತಿಂಗಳ ವಂತಿಗೆ ಇಡಿ. ರಸೀದಿ ಇಲ್ಲದೆ ಒಂದು ರೂಪಾಯಿ ತೆಗೆದುಕೊಳ್ಳಬೇಡಿ. ಅಂಗಡಿಯವರು, ಬ್ಯಾಂಕಿನವರು ಟ್ರೀ ಗಾರ್ಡ್ ಕೊಡುತ್ತಾರೆ. ಹೆಸರು ಬರೆಸಲಿ, ಆದರೆ ಜಾಹೀರಾತು ಫಲಕದ ಅಳತೆ ಎಷ್ಟು ಅಂತ ಮೊದಲೇ ನಿಗದಿ ಮಾಡಿ. ಕಬ್ಬಿಣದ ಗಾರ್ಡನ್ನು ಮೂರನೇ ವರ್ಷ ತೆಗೆದು ಬೇರೆ ಸಸಿಗೆ ಹಾಕಬೇಕು, ಇಲ್ಲದಿದ್ದರೆ ಕಾಂಡ ಅದನ್ನೇ ನುಂಗಿ ಬೆಳೆಯುತ್ತದೆ.

ಕೊನೆಯದಾಗಿ ಒಂದು ಉದ್ದನೆಯ ರಿಜಿಸ್ಟರ್ ಇಡಿ. ಪ್ರತಿ ಮರಕ್ಕೆ ನಂಬರ್, ಜಾತಿ, ನೆಟ್ಟ ತಿಂಗಳು, ಯಾರ ಉಸ್ತುವಾರಿ. ಇನ್ನೊಂದು ಕಡೆ ಪಾಲಿಕೆಗೆ ಕೊಟ್ಟ ಪತ್ರಗಳ ಇನ್‌ವರ್ಡ್ ನಂಬರ್, ಟ್ಯಾಂಕರ್ ಬಂದ ದಿನ, ಬಾರದ ದಿನ. ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತಿರುತ್ತದೆ, ಸಂಘದ ಕಾರ್ಯದರ್ಶಿಯೂ ಬದಲಾಗುತ್ತಾರೆ. ಹೊಸ ಪರಿಸರ ಇಂಜಿನಿಯರ್ ಬಂದ ವಾರವೇ ರಿಜಿಸ್ಟರ್ ಮತ್ತು ಒಡಂಬಡಿಕೆಯ ಪ್ರತಿ ಹಿಡಿದು ಹೋಗಿ ಪರಿಚಯ ಮಾಡಿಕೊಳ್ಳಿ. ಒಡಂಬಡಿಕೆ ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಟಪಾಲಿಗೆ ಹಾಕಿ. ಮೂಲ ಕಾಗದಗಳು ಕಾರ್ಯದರ್ಶಿ ಮನೆಯ ಬೀರುವಿನಲ್ಲಿ ಬೇಡ. ಬ್ಯಾಂಕ್ ಲಾಕರ್‌ನಲ್ಲಿ ಒಂದು ಸೆಟ್, ಸ್ಕ್ಯಾನ್ ಮಾಡಿದ ಪ್ರತಿ ಪದಾಧಿಕಾರಿಗಳೆಲ್ಲರ ಫೋನಿನಲ್ಲಿ ಇರಲಿ.